ಕೇಳದೆ ಹೋದ ಬಾವಿ

ನಮ್ಮೂರಿನಲ್ಲಿ ಪುಟ ಒಪ್ಪಿಕೊಂಡದ್ದು ಹಾಲು ಉಕ್ಕುವಷ್ಟು ಹೊತ್ತಿನಲ್ಲಿ ನಿಜವಾಗುತ್ತದೆ. ಪುಟವೆಂದರೆ ಪುರಸಭೆಯ ವೆಬ್‌ಸೈಟು. ಆದರೆ ಯಾರೂ ಅದನ್ನು ಹಾಗೆ ಕರೆಯುವುದಿಲ್ಲ. ನಿಮ್ಮ ಮನೆಯ ಬಾಗಿಲು ಪಡುವಣಕ್ಕೆ ಎಂದು ಪುಟದಲ್ಲಿ ದಾಖಲಾದರೆ ಬಾಗಿಲು ಪಡುವಣಕ್ಕೆ ತಿರುಗಿರುತ್ತದೆ, ಹೊಸ್ತಿಲಿನ ಅರಿಶಿನ ಕುಂಕುಮದ ಸಮೇತ. ಹೊರಗಿನಿಂದ ಬಂದವರು ಮೊದಮೊದಲು ಬೆಚ್ಚುತ್ತಾರೆ. ಇಪ್ಪತ್ತಾರು ವರ್ಷದ ಹಿಂದೆ ಇಲ್ಲಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಲು ಬಂದಾಗ ನಾನೂ ಬೆಚ್ಚಿದ್ದೆ. ಎದುರುಮನೆಯ ಮೆಟ್ಟಿಲುಗಳು ಐದಿದ್ದದ್ದು ಏಳಾದುದನ್ನು ಕಂಡು ಓಡಿಹೋಗಿ ಅಳತೆಪಟ್ಟಿ ತಂದು, ಒಂದೊಂದರ ಎತ್ತರವನ್ನೂ ನೋಟುಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೆ. ಆಮೇಲೆ ರೂಢಿಯಾಯಿತು. ಇಲ್ಲಿಯ ಜನ ಹಾಸಿಗೆಯಿಂದ ಇಳಿಯುವ ಮುನ್ನ ಕಾಲಿನಿಂದ ನೆಲ ತಡವಿ ನೋಡುತ್ತಾರೆ, ಅಷ್ಟೇ ವ್ಯತ್ಯಾಸ.

ಬೆಳಿಗ್ಗೆ ಒಮ್ಮೆ ಫೋನಿನ ಮೇಲೆ ಹೆಬ್ಬೆರಳು ಒತ್ತಿದರೆ ಸೂರ್ಯ ಮುಳುಗುವ ತನಕ ಪುಟ ನಿಮ್ಮ ಗುರುತು ಹಿಡಿದಿಟ್ಟುಕೊಂಡಿರುತ್ತದೆ. ಆ ನಡುವೆ ನಿಮ್ಮ ಫೋನಿನಿಂದ ಹೋದದ್ದೆಲ್ಲ ನಿಮ್ಮದೇ ಮಾತು. ಪದೇಪದೇ ಬೆರಳು ಒತ್ತುವ ಕಾಟವಿಲ್ಲವೆಂದು ಜನಕ್ಕೆ ಇದು ಬಹಳ ಇಷ್ಟ. "ಹೆಬ್ಬೆಟ್ಟು ಕೊಟ್ಟ ಮ್ಯಾಲೆ ಬಾಯಿ ಯಾಕ" ಎಂಬುದು ನಮ್ಮೂರಿನ ಗಾದೆ. ಮದುವೆ ಮಾತುಕತೆಯಲ್ಲೂ ಅದನ್ನೇ ಹೇಳುತ್ತಾರೆ, ಹೊಲದ ಬದುವಿನ ಜಗಳದಲ್ಲೂ ಅದನ್ನೇ. ಈಗ ಆ ಗಾದೆ ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ.

ಕಾಶವ್ವ ನೀಲಗಾರ ನನ್ನ ಮನೆಯ ಹಿಂದಿನ ಓಣಿಯವಳು. ಮನೆತನದ ಹೆಸರಿನಲ್ಲಿ ನೀಲಿ ಇದ್ದರೂ ಅವಳು ನೂಲಿಗೆ ಹಾಕುತ್ತಿದ್ದುದು ಕೆಂಪು. ಮಂಜಿಷ್ಠದ ಬೇರನ್ನು ಕುಟ್ಟಿ ನೆನೆಹಾಕಿ ಅವಳು ತೆಗೆಯುವ ಕೆಂಪಿಗೆ ಸುತ್ತಲಿನ ಊರುಗಳ ನೇಕಾರರು ಸರದಿಯಲ್ಲಿ ಕಾಯುತ್ತಿದ್ದರು. ಆ ಕೆಂಪಿನ ಗುಟ್ಟು ಬೇರಿನಲ್ಲಿ ಅರ್ಧ, ಅವಳ ಹಿತ್ತಲ ಬಾವಿಯಲ್ಲಿ ಅರ್ಧ. ಆ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು. ಕುಡಿಯಲೂ ಬೇಳೆ ಬೇಯಿಸಲೂ ಬಾರದ ಗಡಸು ನೀರು, ಆದರೆ ಮಂಜಿಷ್ಠದ ಬಣ್ಣ ನೂಲಿನೊಳಗೆ ಇಳಿದು ಕೂರಬೇಕಾದರೆ ಅಂಥದೇ ನೀರು ಬೇಕು. ನಲ್ಲಿ ನೀರಿನಲ್ಲಿ ಅದ್ದಿದರೆ ಇಟ್ಟಿಗೆಯ ಬಣ್ಣ ಬರುತ್ತದೆ, ಎರಡು ಒಗೆತಕ್ಕೆ ಅದೂ ಹೋಗುತ್ತದೆ.

ಯುಗಾದಿಯ ಮರುದಿನ ಬೆಳಿಗ್ಗೆ ಅವಳು ನನ್ನ ಬಾಗಿಲಿಗೆ ಬಂದಳು. ಕೈಯಲ್ಲಿ ಹಗ್ಗ ಕಟ್ಟಿದ ಕೊಡ.

"ಅಕ್ಕಾರ, ನನ್ನ ಬಾವಿ ಎಲ್ಲೈತ್ರೀ?"

ಹೋಗಿ ನೋಡಿದೆ. ಬಾವಿಯಿದ್ದ ಜಾಗದಲ್ಲಿ ಸಮತಟ್ಟು ನೆಲ. ಕಟ್ಟೆಯ ಗುರುತೂ ಇಲ್ಲ. ಒದ್ದೆ ಮಣ್ಣೂ ಇಲ್ಲ. ಬಣ್ಣದ ಹಂಡೆ, ಅರ್ಧ ಅದ್ದಿದ ನೂಲಿನ ಲಡಿಗಳು ಇದ್ದಲ್ಲೇ ಇದ್ದವು. ಒಂದು ಗಂಟೆಯೊಳಗೆ ಸುದ್ದಿ ಸಿಕ್ಕಿತು: ಬಾವಿ ಬಸ್ ನಿಲ್ದಾಣದ ಹತ್ತಿರ ಮೇಟಿಯ ವಸತಿಗೃಹದ ಅಂಗಳದಲ್ಲಿತ್ತು.

ಈರಬಸಪ್ಪ ಮೇಟಿ ಬಾವಿಕಟ್ಟೆಯ ಮೇಲೆ ಕೂತು ಹಲ್ಲುಜ್ಜುತ್ತಿದ್ದ. "ನಾ ಏನ್ ಮಾಡ್ಲಿ ಅಕ್ಕಾರ, ಎದ್ದು ನೋಡ್ತೀನಿ, ಬಾವಿ! ದೇವರು ಕೊಟ್ಟದ್ದನ್ನ ಒದೀಲಿಕ್ಕೆ ಬರ್ತದೇನು?" ಎಂದು ಬಾಯಿ ಮುಕ್ಕಳಿಸಿ ಉಗುಳಿದ. ಕಾಶವ್ವ ಆ ಉಗುಳು ಬಿದ್ದ ಕಲ್ಲನ್ನೇ ನೋಡುತ್ತ ನಿಂತಳು. ಆ ಕಲ್ಲನ್ನು ಅವಳ ಅತ್ತೆ ದಿನವೂ ತೊಳೆಯುತ್ತಿದ್ದಳಂತೆ.

ಜಾಗ ಬದಲಿಸಿದ ಬಾವಿ ಒಂಬತ್ತು ದಿನ ಒಂದೇ ಅಂಗಳದಲ್ಲಿ ಉಳಿದರೆ ಬೇರು ಬಿಡುತ್ತದೆ. ಆಮೇಲೆ ಪುಟ ಹೇಳಿದರೂ ಕದಲುವುದಿಲ್ಲ. ಊರಿನ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು. ಆದ್ದರಿಂದ ನಾವು ನೇರವಾಗಿ ಪುರಸಭೆಗೆ ಹೋದೆವು.

ಕಾರ್ಯದರ್ಶಿ ದೊಡ್ಡಮನಿ ದಾಖಲೆ ತೆಗೆದು ಪರದೆಯನ್ನು ನಮ್ಮ ಕಡೆ ತಿರುಗಿಸಿದ. "ನೋಡ್ರಿ. ಬೆಳಿಗ್ಗೆ ಆರು ಗಂಟೆ ನಲವತ್ತೆರಡು ನಿಮಿಷ. ಇಕಿ ಫೋನು, ಇಕಿ ಹೆಬ್ಬೆಟ್ಟು, ಇಕಿ ಮನಿ. ಬಾವಿ ಇನ್ನೂರಾ ಹನ್ನೆರಡನೇ ಅಂಗಳಕ್ಕ ಕೊಡ್ರಿ ಅಂತ ಅರ್ಜಿ. ಸ್ವಇಚ್ಛೆಯಿಂದ."

"ನಾ ಕೊಟ್ಟಿಲ್ರೀ," ಎಂದಳು ಕಾಶವ್ವ.

"ಹಂಗಾರ ನಿನ್ನ ಕೈ ಬ್ಯಾರೆ, ನೀ ಬ್ಯಾರೆ ಏನವ್ವಾ?"

ಸುತ್ತಲಿದ್ದವರು ನಕ್ಕರು. ಆ ಹೊತ್ತಿಗೆ ನೀನು ಏನು ಮಾಡುತ್ತಿದ್ದೆ ಎಂದು ನಾನು ಕೇಳಿದೆ. ಅವಳು ನೆನಪಿಸಿಕೊಂಡು ಹೇಳಿದಳು: ತಂಗಿ ಹಬ್ಬದ ಶುಭಾಶಯ ಕಳಿಸಿದ್ದಳು. ಒತ್ತಿದರೆ ಗಿಳಿಯೊಂದು ಜೋಕಾಲಿ ಆಡುತ್ತಿತ್ತು. ಅದನ್ನು ಎರಡು ಸಲ ನೋಡಿ, ಫೋನು ಇಟ್ಟು, ಬೇರು ಕುಟ್ಟಲು ಕೂತಳು.

"ಗಿಳಿ ಬಂದು ಬಾವಿ ಕಚ್ಚಿಕೊಂಡು ಹೋತು!" ದೊಡ್ಡಮನಿ ಮೇಜು ಬಡಿದು ನಕ್ಕ. "ಕೊಟ್ಟವರು ಕೊಟ್ಟಿಲ್ಲ ಅನ್ನೂದು ನಮಗೇನು ಹೊಸಾದಲ್ಲ ಅಕ್ಕಾರ. ಹೆಬ್ಬೆಟ್ಟು ಕೊಟ್ಟ ಮ್ಯಾಲೆ..." ಗಾದೆಯ ಉಳಿದರ್ಧವನ್ನು ಸಾಲಿನಲ್ಲಿ ನಿಂತಿದ್ದವರು ಸೇರಿಸಿದರು. ಮೇಟಿ ಒಪ್ಪಿದರೆ ಬಾವಿ ವಾಪಸು ಬರುತ್ತದೆ, ಇಲ್ಲವೇ ಎಂಟನೆಯ ದಿನದ ಅಹವಾಲು ಸಭೆಯಲ್ಲಿ ಅಧ್ಯಕ್ಷರು ಮನಸ್ಸು ಮಾಡಬೇಕು, ಎಂದು ಹೇಳಿ ಕಳಿಸಿದ.

ದಾರಿಯಲ್ಲಿ ಕಾಶವ್ವ ಅಳಲಿಲ್ಲ. "ನಾನೇ ಏನರ ಒತ್ತಿದೆನೇನೋ," ಎಂದಳು. ಅವಳ ಈ ಮಾತಿಗಿಂತ ಕೆಟ್ಟದ್ದು ಆ ದಿನ ನನ್ನ ಕಿವಿಗೆ ಬೀಳಲಿಲ್ಲ. ಬಾವಿಯ ಜೊತೆಗೆ ಅವಳ ನೆನಪಿನ ಮೇಲಿನ ನಂಬಿಕೆಯನ್ನೂ ಯಾರೋ ಒಯ್ದಿದ್ದರು.

ನಾನು ಅಳೆಯುವುದನ್ನು ಕಲಿತವಳು. ಗಿಳಿ ಬಾವಿ ಕದಿಯುವುದೋ ಇಲ್ಲವೋ ಎಂಬುದನ್ನು ನಕ್ಕು ತೀರ್ಮಾನಿಸಲಾಗದು, ಪ್ರಯೋಗ ಮಾಡಿ ನೋಡಬೇಕು. ಆ ಶುಭಾಶಯವನ್ನು ಕಾಶವ್ವನಿಂದ ತರಿಸಿಕೊಂಡೆ. ಮರುದಿನ ಬೆಳಿಗ್ಗೆ ಹೆಬ್ಬೆರಳು ಒತ್ತದೆಯೇ ತೆರೆದೆ. ಗಿಳಿ ಜೋಕಾಲಿ ಆಡಿತು, ಬೇರೇನೂ ಆಗಲಿಲ್ಲ. ಆಮೇಲೆ ಹೆಬ್ಬೆರಳು ಒತ್ತಿ ಪುಟಕ್ಕೆ ಗುರುತು ಕೊಟ್ಟು, ಮತ್ತೆ ತೆರೆದೆ. ಗಿಳಿ ಅದೇ, ಜೋಕಾಲಿ ಅದೇ. ಆದರೆ ಅರೆ ನಿಮಿಷದಲ್ಲಿ ಪುಟದಿಂದ ನನಗೊಂದು ಉತ್ತರ ಬಂತು: "ನಿಮ್ಮ ಹೆಸರಿನಲ್ಲಿ ಬಾವಿ ಇಲ್ಲ. ಅರ್ಜಿ ತಿರಸ್ಕರಿಸಲಾಗಿದೆ."

ನಾನು ಅರ್ಜಿ ಹಾಕಿರಲಿಲ್ಲ!

ಚಿತ್ರದ ಹಿಂದಿನ ಬರಹವನ್ನು ತೆರೆದು ಓದಿದೆ. ಗಿಳಿಯ ರೆಕ್ಕೆ, ಹಗ್ಗ, ಹಾಡು ಇವುಗಳ ವಿವರದ ನಡುವೆ ಒಂದು ಸಾಲಿತ್ತು. ನೋಡುತ್ತಿರುವವರ ಬಾವಿಯನ್ನು ಇನ್ನೂರ ಹನ್ನೆರಡನೇ ಅಂಗಳಕ್ಕೆ, ಅಂದರೆ ಮೇಟಿಯ ಅಂಗಳಕ್ಕೆ, ಕೊಡಿ ಎಂದು ಅದು ಸದ್ದಿಲ್ಲದೆ ಪುಟಕ್ಕೆ ಹೇಳುತ್ತಿತ್ತು. ಯಾರು ತೆರೆದರೂ ಅವರ ಹೆಸರಿನಲ್ಲಿ, ಅವರ ಗುರುತನ್ನು ಹೊತ್ತು. ಕಾಶವ್ವನ ತಂಗಿಗೆ ಅದು ಯಾರಿಂದಲೋ ಬಂದಿತ್ತು, ಅವರಿಗೆ ಇನ್ಯಾರಿಂದಲೋ. ಬಾವಿ ಇದ್ದವರಲ್ಲಿ ಮೊದಲು ತೆರೆದವಳು ಕಾಶವ್ವ. ಒಂದು ಅಂಗಳಕ್ಕೆ ಒಂದೇ ಬಾವಿ ಎಂಬ ನಿಯಮವಿರುವುದರಿಂದ ಉಳಿದವರು ಪಾರಾದರು.

ಇಷ್ಟು ತಿಳಿದ ಮೇಲೆ ನನಗೆ ಕಳ್ಳನ ಮೇಲೆ ಬಂದ ಸಿಟ್ಟಿಗಿಂತ ಪುಟದ ಮೇಲೆ ಬಂದ ಸಿಟ್ಟು ದೊಡ್ಡದು. ಕಳ್ಳ ಎಲ್ಲ ಊರಲ್ಲೂ ಇರುತ್ತಾನೆ. ಆದರೆ ಮನೆ ಕಾಯುವವನು, ಒಡತಿಯ ಸೀರೆ ಉಟ್ಟು ಬಂದದ್ದೆಲ್ಲ ಒಡತಿಯೇ ಎಂದು ಬಾಗಿಲು ತೆಗೆದರೆ?

ಹಳೆಯ ಪುಟ ಹಾಗಿರಲಿಲ್ಲ. ಜನನ ಮರಣದ ಅರ್ಜಿಗಳನ್ನು ಇವತ್ತಿಗೂ ನೋಡಿ: ಅರ್ಜಿಯ ಬುಡದಲ್ಲಿ ಆರು ಅಕ್ಷರದ ಒಂದು ಚೀಟಿ ಇರುತ್ತದೆ. ಪುಟವೇ ಆ ಕ್ಷಣಕ್ಕೆ ನಿಮಗಾಗಿ ಬರೆದುಕೊಟ್ಟದ್ದು, ಪ್ರತಿ ಸಲವೂ ಬೇರೆ. ನೀವು ಅರ್ಜಿ ಒಪ್ಪಿಸಿದಾಗ ಚೀಟಿಯೂ ಜೊತೆಗೆ ಹಿಂದಿರುಗಬೇಕು. ಇಲ್ಲದಿದ್ದರೆ ಹೆಬ್ಬೆಟ್ಟು ಯಾರದೇ ಇರಲಿ, ಅರ್ಜಿ ಕಸದಬುಟ್ಟಿಗೆ. ಗಿಳಿಗೆ ಆ ಚೀಟಿ ಎಲ್ಲಿಂದ ಸಿಗಬೇಕು? ಆದರೆ ಬಾವಿ ಬದಲಿಸುವ ಕೆಲಸ ಮೂಲ ಪುಟದ್ದಲ್ಲ. ಅದು ಹೊರಗಿನವರಿಂದ ತರಿಸಿ ಸಿಕ್ಕಿಸಿದ ಪ್ಲಗಿನ್. ಇಂಥ ಪ್ಲಗಿನ್‌ಗಳು ಪುಟಕ್ಕೆ ಹನ್ನೊಂದು ಅಂಟಿಕೊಂಡಿವೆ: ಬಾವಿಗೊಂದು, ಮರಕ್ಕೊಂದು, ಕಿಟಕಿಗೊಂದು, ಹೀಗೆ. ನಾನು ನನ್ನದೇ ಮನೆಯ ಮೇಲೆ, ನನ್ನದೇ ಹೆಬ್ಬೆರಳಿನಿಂದ, ಹನ್ನೊಂದನ್ನೂ ಪರೀಕ್ಷಿಸಿದೆ. ಏಳು ಪ್ಲಗಿನ್‌ಗಳು ಚೀಟಿ ಕೇಳಿದವು. ನಾಲ್ಕು ಕೇಳಲಿಲ್ಲ. ಅದರ ಫಲವಾಗಿ ನನ್ನ ನುಗ್ಗೆಮರ ಈಗಲೂ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿದೆ. ಚೀಟಿ ಕೊಡುವ ವ್ಯವಸ್ಥೆ ಪುಟದಲ್ಲಿ ಮೊದಲಿನಿಂದಲೂ ಇದೆ. ಈ ನಾಲ್ಕನ್ನು ಮಾಡಿದವರು "ಚೀಟಿ ಎಲ್ಲಿ?" ಎಂದು ಕೇಳುವ ಒಂದು ಸಾಲು ಬರೆಯಬೇಕಿತ್ತು, ಬರೆಯಲಿಲ್ಲ. ಒಂದೇ ಒಂದು ಸಾಲು!

ಪ್ಲಗಿನ್ ಮಾಡಿದ ಸಂಸ್ಥೆಗೆ ಪ್ರಯೋಗದ ವಿವರಗಳೊಂದಿಗೆ ಪತ್ರ ಬರೆದೆ. ಆರನೆಯ ದಿನ ಉತ್ತರ ಬಂತು. "ನಮ್ಮ ಪ್ಲಗಿನ್ ಉದ್ದೇಶಿಸಿದಂತೆಯೇ ಕೆಲಸ ಮಾಡುತ್ತಿದೆ. ಬಳಕೆದಾರರು ಅಪರಿಚಿತರು ಕಳಿಸಿದ ಶುಭಾಶಯಗಳನ್ನು ತೆರೆಯದೆ ಎಚ್ಚರ ವಹಿಸತಕ್ಕದ್ದು." ಅದನ್ನು ಕಾಶವ್ವನಿಗೆ ಓದಿ ಹೇಳಿದೆ.

"ಅಪರಿಚಿತರು ಅಂದ್ರ ಯಾರ್ರೀ? ನನ್ನ ತಂಗಿನಾ?" ಎಂದಳು. ಆಮೇಲೆ ಮೊದಲ ಬಾರಿಗೆ ಅವಳ ದನಿ ಗಡುಸಾಯಿತು. "ಅಕ್ಕಾರ, ಹಂಗಾರ ನಾ ಒತ್ತಿಲ್ಲ. ನಾ ಕೊಟ್ಟಿಲ್ಲ. ಹೌದಲ್ಲ?"

"ನೀ ಕೊಟ್ಟಿಲ್ಲ," ಎಂದೆ.

ಎಂಟನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅಹವಾಲು ಸಭೆ. ಮರುದಿನಕ್ಕೆ ಬಾವಿ ಬೇರು ಬಿಡುತ್ತದೆ. ಹೊರಗೆ ಚಪ್ಪಲಿಗಳ ರಾಶಿ, ಒಳಗೆ ನೂರಕ್ಕೂ ಹೆಚ್ಚು ಜನ. ಅಧ್ಯಕ್ಷ ರಾಚಪ್ಪ ಒಳ್ಳೆಯ ಮಾತಿನ, ದೊಡ್ಡ ಹೊಟ್ಟೆಯ ಮನುಷ್ಯ. ಮೇಟಿ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ನಾನು ನೋಟುಪುಸ್ತಕ ತೆರೆದು ಪ್ರಯೋಗ ಒಂದು, ಪ್ರಯೋಗ ಎರಡು ಎಂದು ಓದತೊಡಗಿದೆ. ಮೂರನೆಯದಕ್ಕೆ ಬರುವ ಹೊತ್ತಿಗೆ ರಾಚಪ್ಪ ಆಕಳಿಸಿದರು.

"ಅಕ್ಕಾರ, ಇದು ಕಾಲೇಜಲ್ಲ. ಮನಷಾ ತನ್ನ ಫೋನು ತನ್ನ ಕೈಯಾಗ ಹಿಡಕೊಂಡಿರ್ತಾನ. ಅವಂಗ ಗೊತ್ತಿಲ್ಲದ ಅವನ ಬಾವಿ ಹ್ಯಾಂಗ ಹೋಗ್ತೈತ್ರೀ? ಮೈಮ್ಯಾಲೆ ಖಬರ್ ಇಲ್ಲದವರದ್ದು ಹೋಗ್ತೈತಿ."

"ನಿಮ್ಮದು ಹೋಗುವುದಿಲ್ಲವೇ?" ಎಂದೆ.

"ನಂದಾ?"

"ನಾನೊಂದು ಚಿತ್ರ ಕಳಿಸುತ್ತೇನೆ. ನೀವು ತೆರೆಯಿರಿ. ನಿಮ್ಮ ಬಾವಿ ಈ ಕಚೇರಿಯ ಅಂಗಳಕ್ಕೆ ಬರುತ್ತದೆ. ಮೊದಲೇ ಹೇಳಿ ಕೇಳುತ್ತಿದ್ದೇನೆ. ಒಪ್ಪಿಗೆಯಿದ್ದರೆ ಮಾತ್ರ." ಕೇಳದೆ ಮಾಡಿದರೆ ನನಗೂ ಆ ಗಿಳಿ ಮಾಡಿದವನಿಗೂ ಏನು ಅಂತರ?

ರಾಚಪ್ಪ ಸಭೆಯ ಕಡೆ ತಿರುಗಿ ಕಣ್ಣು ಮಿಟುಕಿಸಿದರು. "ನಮ್ಮಪ್ಪ ತೋಡಿಸಿದ್ದು ಅಕ್ಕಾರ, ಅರವತ್ತು ಅಡಿ. ಅಷ್ಟು ಹಗುರ ಇಲ್ಲ. ಕಳಸ್ರಿ. ದೊಡ್ಡಮನಿ, ಬರಕೋ, ನಾ ಒಪ್ಪೀನಿ ಅಂತ."

ಗಿಳಿಯ ಬದಲು ಮಾವಿನಹಣ್ಣಿನ ಬುಟ್ಟಿಯ ಚಿತ್ರ ಹಾಕಿ, ಹಿಂದಿನ ಸಾಲಿನಲ್ಲಿ ಅಂಗಳದ ಸಂಖ್ಯೆಯೊಂದನ್ನೇ ಬದಲಿಸಿ ತಂದಿದ್ದೆ. ಅವರು ತೆರೆದರು. ಫೋನನ್ನು ಎತ್ತಿ ಎಲ್ಲರಿಗೂ ತೋರಿಸಿದರು. "ಹಣ್ಣು ಚೊಲೊ ಅದಾವ. ಆಮ್ಯಾಲೆ?"

"ಕಾಯಬೇಕು."

ಹಾಲು ಉಕ್ಕುವಷ್ಟು ಹೊತ್ತು ಕಾದೆವು. ಆಮೇಲೆ ಯಾರೋ ಕೆಮ್ಮಿದರು, ಇನ್ಯಾರೋ ನಕ್ಕರು. ಅಷ್ಟರಲ್ಲಿ ಹೊರಗಿನಿಂದ ಹೆಂಗಸೊಬ್ಬಳ ಕೂಗು ಕೇಳಿತು. "ಯವ್ವಾ, ನನ್ನ ಚಪ್ಪಲಿ!"

ಎಲ್ಲರೂ ಬಾಗಿಲಿಗೆ ನುಗ್ಗಿದರು. ಮೆಟ್ಟಿಲ ಬುಡದಲ್ಲಿ, ಚಪ್ಪಲಿಗಳ ರಾಶಿಯಿದ್ದಲ್ಲೇ, ರಾಚಪ್ಪನವರ ಅಪ್ಪ ತೋಡಿಸಿದ ಬಾವಿ ನಿಂತಿತ್ತು. ಕಲ್ಲಿನ ಮೇಲೆ ಅವರ ಅಪ್ಪನ ಹೆಸರು. ರಾಟೆ ಇನ್ನೂ ತಿರುಗುತ್ತಿತ್ತು. ಮನೆಯಲ್ಲಿ ಯಾರೋ ಆ ಹೊತ್ತಿಗೆ ನೀರು ಸೇದುತ್ತಿದ್ದಿರಬೇಕು. ಅರವತ್ತು ಅಡಿ ಕೆಳಗೆ ಊರಿನ ಅರ್ಧದಷ್ಟು ಚಪ್ಪಲಿಗಳು ತೇಲುತ್ತಿದ್ದವು.

ರಾಚಪ್ಪ ಬಾಗಿಲಿನಿಂದಲೇ ಕೂಗಿದರು. "ಏ ದೊಡ್ಡಮನಿ, ಕಳಸೋ, ವಾಪಸ್ ಕಳಸೋ ಮೊದಲ! ಮನ್ಯಾಗ ಮುದುಕಿ ಗಾಬರಿ ಆಗಿರ್ತಾಳ. ಇದು... ಇದು ಅಚಾತುರ್ಯ. ಆ ಕಾಶವ್ವಂದೂ ಕಳಿಸಿಬಿಡು. ಮೇಟಿ, ಬಾಯಿ ಮುಚ್ಚಿಕೊಂಡು ಕೂಡು."

ಎಂಟು ದಿನ ಕಾಲು ಸವೆಸಿದರೂ ಆಗದ್ದು ಎಂಟು ನಿಮಿಷದಲ್ಲಿ ಆಗುವಂತಿತ್ತು. ದೊಡ್ಡಮನಿ ಎರಡು ಅರ್ಜಿ ತೆರೆದು ರಾಚಪ್ಪ, ಕಾಶವ್ವ ಇಬ್ಬರ ಫೋನಿಗೂ ಕಳಿಸಿದ. ಬಾವಿಯನ್ನು ಮರಳಿ ಪಡೆಯುವ ಅರ್ಜಿ. ಅದರಲ್ಲಿ ಬಾವಿ ಕೈಬಿಟ್ಟ ಕಾರಣವನ್ನು ಆರಿಸಬೇಕು. ಪುಟ ಕೊಡುವ ಕಾರಣಗಳು ಎರಡೇ: "ಸ್ವಇಚ್ಛೆಯಿಂದ ಕೊಟ್ಟದ್ದು", "ಒಡೆಯರು ತೀರಿಕೊಂಡದ್ದು."

"ಮೊದಲನೇದು ಒತ್ತವ್ವಾ, ಮುಗೀತು," ಎಂದ ದೊಡ್ಡಮನಿ.

ಕಾಶವ್ವ ಓದಿದಳು. ಅವಳು ನಿಧಾನವಾಗಿ, ತುಟಿ ಆಡಿಸುತ್ತ ಓದುವವಳು. ಓದಿ ಫೋನನ್ನು ಮಡಿಲಲ್ಲಿಟ್ಟುಕೊಂಡಳು. "ನಾ ಕೊಟ್ಟಿಲ್ರೀ."

"ಗೊತ್ತಾತು ಮಾರಾಯ್ತಿ. ಬರೇ ಕಾಗದಕ್ಕ. ಎರಡ ಸಾಲು ಅದಾವ, ಸತ್ತೀನಿ ಅಂತ ಒತ್ತತೀಯೇನು?"

"ಸತ್ತೂ ಇಲ್ಲ."

ನಾಚಿಕೆಯಿಂದ ಬರೆಯುತ್ತಿದ್ದೇನೆ: ನಾನು ಅವಳ ಕಿವಿಯಲ್ಲಿ, ಒತ್ತಿಬಿಡು ಕಾಶವ್ವಾ, ನಾಳೆಗೆ ಬೇರು ಬಿಡುತ್ತದೆ, ಬಾವಿ ಮುಖ್ಯ, ಎಂದು ಪಿಸುಗುಟ್ಟಿದೆ. ಎಂಟು ದಿನ ಪ್ರಯೋಗ ಮಾಡಿದವಳು ನಾನು. ನನಗೇ ಆ ಎರಡು ಸಾಲಿನ ಅನ್ಯಾಯ ಕಾಣಲಿಲ್ಲ. ಅವಳು ನನ್ನ ಕಡೆ ತಿರುಗಿ ನೋಡಿದಳು.

"ಇದನ್ನ ಒತ್ತಿದೆ ಅಂದ್ರ ಕೊಟ್ಟದ್ದು ಖರೇ ಆತಲ್ರೀ ಅಕ್ಕಾರ. ಅವತ್ತು ಒತ್ತಿಲ್ಲ. ಇವತ್ತು ನನ್ನ ಕೈಲೇ ಒತ್ತಸಾಕ ಹತ್ಯಾರ." ಆಮೇಲೆ ಅಧ್ಯಕ್ಷರತ್ತ ತಿರುಗಿದಳು. "ಯಜಮಾನ್ರ, ನಿಮ್ಮ ಫೋನಿನ್ಯಾಗೂ ಅದ ಬಂದೈತಿ. ಮೊದಲ ನೀವು ಒತ್ರಿ."

ರಾಚಪ್ಪ ಹೆಬ್ಬೆರಳು ಚಾಚಿದರು. ಪರದೆಯಿಂದ ಒಂದು ಅಂಗುಲ ಮೇಲೆ ಅದು ನಿಂತಿತು. "ಸ್ವಇಚ್ಛೆಯಿಂದ," ಎಂದು ಓದಿಕೊಂಡರು. ಒಪ್ಪಿದ್ದು ಅವರೇ, ಬರೆಸಿದ್ದೂ ಅವರೇ. ಆದರೂ ಅಪ್ಪನ ಹೆಸರಿದ್ದ ಕಲ್ಲಿನ ಕಡೆ ನೋಡಿ ಅವರ ಬಾಯಿಂದ ಬಂದೇ ಬಿಟ್ಟಿತು: "ನಾ ಎಲ್ಲಿ ಕೊಟ್ಟೀನೋ? ನಾ ಮಾವಿನಹಣ್ಣು ನೋಡೀನಿ!"

ಸಭೆಯೇ ನಕ್ಕಿತು. ಈ ಸಲದ ನಗು ಬೇರೆ ಕಡೆಗೆ ಬೀಸಿತ್ತು. ಕಾಶವ್ವ ಮಾತ್ರ ನಗಲಿಲ್ಲ. "ಹೌದ್ರೀ," ಎಂದಳು. "ನಾನೂ ಗಿಳಿ ನೋಡೀನಿ."

"ಹಂಗಾರ ಏನ್ ಮಾಡೂದವ್ವಾ?"

"ಮೂರನೇ ಸಾಲು ಹಾಕ್ರಿ."

ದೊಡ್ಡಮನಿ ಹಾಗೆಲ್ಲ ಬರುವುದಿಲ್ಲವೆಂದ. ಪುಟ ಹುಟ್ಟಿದಂದಿನಿಂದ ಎರಡೇ ಎಂದ. ಮೇಲಿನಿಂದ ಅಪ್ಪಣೆ ಬೇಕೆಂದ. ರಾಚಪ್ಪ ಅವನನ್ನು ಸುಮ್ಮನೆ ನೋಡಿದರು. ಮೂರು ನಿಮಿಷದಲ್ಲಿ ಮೂರನೆಯ ಸಾಲಿಗೆ ಜಾಗ ಬಂತು. "ತಾಂತ್ರಿಕ ಕಾರಣ" ಎಂದು ಟೈಪು ಮಾಡಿ ದೊಡ್ಡಮನಿ ತಲೆಯೆತ್ತಿದ.

"ಅದು ಯಾರ ಹೆಸರ್ರೀ?" ಎಂದಳು ಕಾಶವ್ವ. "ನನಗ ತಿಳಿಯೂ ಹಂಗ ಬರೀರಿ. ಕೇಳದೆ ತಗೊಂಡದ್ದು ಅಂತ ಬರೀರಿ."

ಅವನು ಅಳಿಸಿದ. ಹಾಗೆಯೇ ಬರೆದ. ಕಾಶವ್ವ ಆ ಮೂರನೆಯ ಸಾಲನ್ನು ತುಟಿ ಆಡಿಸುತ್ತ ಎರಡು ಸಲ ಓದಿ, ಹೆಬ್ಬೆರಳನ್ನು ಸೆರಗಿಗೆ ಒರೆಸಿ, ಒತ್ತಿದಳು. ಎದ್ದು ನಿಂತು, ಹಂಡೆಯಲ್ಲಿ ನೂಲು ಬಿಟ್ಟು ಬಂದಿದ್ದೇನೆ ಎಂದು ಹೇಳಿ ಬರಿಗಾಲಲ್ಲಿ ಹೊರಟುಹೋದಳು.

ಅವಳ ಬಾವಿಯೂ ಅಧ್ಯಕ್ಷರದೂ ತಮ್ಮ ತಮ್ಮ ಜಾಗಕ್ಕೆ ಮರಳಿದವು. ಚೀಟಿ ಕೇಳದ ನಾಲ್ಕು ಪ್ಲಗಿನ್‌ಗಳನ್ನು ಆ ಮಧ್ಯಾಹ್ನವೇ ಕಿತ್ತುಹಾಕಿದರು. ಆದರೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿರುವುದು ಅದಕ್ಕೂ ಮೊದಲಿನದು. ಅವಳು ಹೋದ ಮೇಲೂ ಸಭೆ ಚದುರಲಿಲ್ಲ. ಹಿಂದಿನ ಸಾಲಿನಲ್ಲಿ ಮುದುಕನೊಬ್ಬ ಫೋನು ತೆಗೆದು ಮುಖಕ್ಕೆ ಹತ್ತಿರ ಹಿಡಿದ. ಅವನ ಪಕ್ಕದವಳು ತೆಗೆದಳು. ಗೋಡೆಗೆ ಒರಗಿ ನಿಂತಿದ್ದವರು ತೆಗೆದರು. ದೊಡ್ಡಮನಿಯ ಪರದೆಯ ಮೇಲೆ ಕಳೆದುಕೊಂಡವುಗಳ ಹೆಸರುಗಳು ಒಂದರ ಕೆಳಗೊಂದು ಮೂಡತೊಡಗಿದವು: ಬಾವಿ, ಬೇವಿನಮರ, ಬೀದಿ ಕಡೆಯ ಕಿಟಕಿ, ಮತ್ತೆ ಬಾವಿ. ಕೆಲವು ಕಳೆದ ವರ್ಷದವು, ಒಂದು ಹನ್ನೊಂದು ವರ್ಷ ಹಳೆಯದು. ಹೆಚ್ಚಿನವು ಎಂದೋ ಬೇರು ಬಿಟ್ಟಂಥವು, ಮರಳಿ ಬರುವಂಥವಲ್ಲ. ಅದು ಅವರಿಗೂ ಗೊತ್ತಿತ್ತು. ಆದರೂ ಒತ್ತುತ್ತಿದ್ದರು. ಊಟದ ಹೊತ್ತಿಗೆ ಮೂರನೆಯ ಸಾಲನ್ನು ಆರಿಸಿದವರು ನಲವತ್ತಾರು ಮಂದಿ. ಅಷ್ಟು ವರ್ಷ ಅವರೆಲ್ಲ ತಮ್ಮ ಕೈಯನ್ನೇ ಬೈದುಕೊಂಡು ಬದುಕಿದ್ದರು.